ಎರಡು ಹೆಸರಿನ ಹೆಂಡತಿ, ಒಂದು ವೀಸಾ

ಪರದೇಶಕ್ಕೆ ಹೋದವಳು ನನ್ನ ಹೆಂಡತಿ, ಕಚೇರಿ ಕಚೇರಿ ಅಲೆದವನು ಪುಣೆಯಲ್ಲೇ ಉಳಿದ ನಾನು. ಮನೆಯಲ್ಲಿ ಒಬ್ಬರಿಗೆ ವೀಸಾ ಬೇಕಾದರೆ ಸಾಕು, ಉಳಿದವರ ಮಾನ ಬೀದಿಗೆ ಬರುವಂಥ ಪ್ರಸಂಗ ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ.

ಮೊದಲು ಸಂಗತಿ ಹೇಳಿಬಿಡುತ್ತೇನೆ. ನಾವು ಧಾರವಾಡದ ಕಡೆಯವರು. ಮದುವೆಯಾದಾಗಿನಿಂದ, ಅಂದರೆ ಹದಿನಾಲ್ಕು ವರ್ಷದಿಂದ, ಪುಣೆಯ ಖಡಕಿಯಲ್ಲಿ ಮನೆ. ನಾನು, ಹೆಂಡತಿ, ಮಗಳು, ನಮ್ಮವ್ವ. ನಾನು ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಮಾಲು ಲಾರಿಗೆ ಏರಿಸುವ ಉಸ್ತುವಾರಿ. ಹೆಂಡತಿ ನರ್ಸು. ಎರಡು ವರ್ಷ ದಿನಾ ಡ್ಯೂಟಿ ಮುಗಿಸಿ ಬಂದು, ಚಪಾತಿ ಲಟ್ಟಿಸುತ್ತ ಜರ್ಮನ್ ಭಾಷೆ ಬಾಯಿಪಾಠ ಮಾಡಿ, ಕಳೆದ ಚಳಿಗಾಲದಲ್ಲಿ ಜರ್ಮನಿಗೆ ಹೋದಳು. ಕೈಯಲ್ಲಿದ್ದದ್ದು ಆರು ತಿಂಗಳ ವೀಸಾ. ಅಷ್ಟರೊಳಗೆ ಅಲ್ಲಿಯ ಕಚೇರಿಯಲ್ಲಿ ಕೆಲಸದ ವೀಸಾ ಮಾಡಿಸಿಕೊಳ್ಳಬೇಕು. ಸಿಕ್ಕರೆ ಅಲ್ಲಿರಬಹುದು, ರಜೆಗೆ ಬಂದು ಹೋಗಬಹುದು. ಸಿಗುವ ತನಕ ಊರಿಗೆ ಬರುವ ಹಾಗಿಲ್ಲ. ಸಿಗದೇ ಹೋದರೆ ಗಂಟುಮೂಟೆ ಕಟ್ಟಿ ವಾಪಸು.

ಆಕೆಗೆ ಆ ಕೆಲಸ ಬೇಕಾಗಿತ್ತು. ನನಗೆ ಆಕೆ ಬೇಕಾಗಿದ್ದಳು. ಆಕೆಗೆ ವೀಸಾ ಸಿಗಲಿ ಎಂದು ಓಡಾಡಬೇಕಾದವನು ಮಾತ್ರ ನಾನೇ.

ಇಬ್ಬರೋ ಒಬ್ಬಳೋ

ಹೋಗಿ ಎರಡು ತಿಂಗಳಿಗೆ ಅಲ್ಲಿಯ ಕಚೇರಿಯಿಂದ ಆಕೆಗೆ ಒಂದು ಪತ್ರ ಬಂತು. 'ನರ್ಸಿಂಗ್ ಓದಿದವರು ನೀಲವ್ವ. ನಮ್ಮ ದೇಶಕ್ಕೆ ಬಂದವರು ಸ್ನೇಹಾ. ನೀಲವ್ವನವರು ಎಲ್ಲಿದ್ದಾರೆ?'

ತಪ್ಪು ಅವರದಲ್ಲ. ನಮ್ಮ ಕಡೆ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುವ ಪದ್ಧತಿ. ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೆಸರು ಬರೆಸುತ್ತಾರೆ. 'ಪುಣೆಕ್ಕ ಹೋಗೂ ಹುಡುಗಿ, ನೀಲವ್ವ ಅಂದ್ರ ಹೆಂಗ?' ಎಂದು ನಮ್ಮವ್ವನೇ ಸ್ನೇಹಾ ಎಂದು ಬರೆಸಿದಳು. ಪಾಸ್‌ಪೋರ್ಟು, ಆಧಾರು, ಮದುವೆ ನೋಂದಣಿ ಎಲ್ಲವೂ ಸ್ನೇಹಾಳವು. ಡಿಪ್ಲೊಮಾ ಒಂದು ನೀಲವ್ವನ ಹತ್ತಿರವೇ ಉಳಿಯಿತು.

ಇಬ್ಬರೂ ಒಬ್ಬಳೇ ಎಂದು ಗಂಡನಾದ ನಾನು ಅಫಿಡವಿಟ್ ಮಾಡಿಸಬೇಕಾಯಿತು. ಕೋರ್ಟಿನ ಹತ್ತಿರ ಕೂರುವ ನೋಟರಿ ವಕೀಲರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು. ಮರಾಠಿಯಲ್ಲಿ ಹೇಳಿದರು, 'ಮೂವತ್ತು ವರ್ಷದಿಂದ ಇಲ್ಲಿ ಕೂತಿದ್ದೇನೆ. ಇಬ್ಬರು ಹೆಂಡಿರಿದ್ದು ಒಬ್ಬಳೇ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಒಬ್ಬಳೇ ಇದ್ದು ಇಷ್ಟು ಹೆದರಿದವನನ್ನು ಇವತ್ತೇ ನೋಡಿದ್ದು.'

ಗುಲಾಬಿ ಮಳೆ

ಅಫಿಡವಿಟ್ಟಿನ ಜೊತೆಗೆ ಹೆಸರು ಇಟ್ಟಿದ್ದಕ್ಕೆ ಸಾಕ್ಷಿಯೂ ಇದ್ದರೆ ಒಳ್ಳೆಯದು ಎಂದು ಆ ವಕೀಲರೇ ಹೇಳಿದರು. ಮದುವೆಯ ವಿಡಿಯೊ ಇತ್ತಲ್ಲ. ಅವ್ವ, ಮಗಳು, ನಾನು ಮೂವರೂ ಕೂತು ಹಾಕಿದೆವು.

ಹದಿನಾಲ್ಕು ವರ್ಷದಲ್ಲಿ ಪೂರ್ತಿ ನೋಡಿದ್ದು ಅದೇ ಮೊದಲು. ಸೋದರಮಾವ ಬಾಳೆಎಲೆ ಮುಂದೆ ಕೂತು ಉಂಡದ್ದು ಏಳು ನಿಮಿಷ ಇದೆ. ನನ್ನ ಬೂಟು ಕದ್ದವರನ್ನು ಹುಡುಕಿದ್ದು ಇದೆ. ಕೊನೆಗೆ ಅಕ್ಕಿಯ ತಾಟು ಬಂತು. ಆಕೆ ತಲೆ ಬಗ್ಗಿಸಿ ಉಂಗುರ ಹಿಡಿದಳು. ಅವ್ವ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ಸರಿಯಾಗಿ ಆ ಹೊತ್ತಿಗೆ ವಿಡಿಯೊದವನು ತನ್ನ ಕಲೆಯನ್ನೆಲ್ಲ ತೋರಿಸಿಬಿಟ್ಟಿದ್ದ. ಮೇಲಿನಿಂದ ಗುಲಾಬಿ ಸುರಿಯತೊಡಗಿದವು. ನಾಲ್ಕು ಮೂಲೆಯಿಂದ ಪಾರಿವಾಳ ಹಾರಿದವು. ಗುಲಾಬಿ ನಿಂತಾಗ ತಾಟೂ ಇಲ್ಲ, ಅಕ್ಕಿಯೂ ಇಲ್ಲ, ಸೋದರಮಾವ ಮತ್ತೆ ಉಣ್ಣುತ್ತಿದ್ದಾರೆ.

ನಾನು ಅದನ್ನೇ ಐದಾರು ಸಲ ಹಿಂದೆ ಮುಂದೆ ಮಾಡಿ ನೋಡಿದೆ. ಹೆಸರು ಹುಡುಕುವುದಕ್ಕೆ ಎಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆಕೆ ತಲೆ ಬಗ್ಗಿಸುವುದನ್ನು ನೋಡುತ್ತಿದ್ದೆ. ಆರನೇ ಸಲಕ್ಕೆ ಮಗಳು ರಿಮೋಟು ಕಸಿದುಕೊಂಡು, 'ಪಪ್ಪಾ, ಮಮ್ಮಿ ಅದರೊಳಗಿಂದ ಹೊರಗೆ ಬರೋದಿಲ್ಲ' ಎಂದಳು.

ಮೂಲ ದಾಖಲೆ

ಎಲ್ಲ ಕಾಗದ ಜರ್ಮನ್ ಭಾಷೆಯಲ್ಲಿ ಬೇಕು. ಪುಣೆಯ ಪೇಟೆಯೊಂದರಲ್ಲಿ ಅನುವಾದ ಮಾಡಿಕೊಡುವ ಹೆಂಗಸೊಬ್ಬರಿದ್ದಾರೆ. ವಯಸ್ಸು ಎಪ್ಪತ್ತರ ಮೇಲೆ, ಬಹಳ ಕಟ್ಟುನಿಟ್ಟು. 'ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ಒಂದು ಅಕ್ಷರ ಬಿಡುವುದಿಲ್ಲ' ಎಂದರು. ನನ್ನ ಅಫಿಡವಿಟ್ಟಿನಲ್ಲಿ 'ಮದುವೆಯ ದಿನ ಹೊಸ ಹೆಸರನ್ನು ಅಕ್ಕಿಯಲ್ಲಿ ಬರೆಯಲಾಯಿತು' ಎಂದಿತ್ತು. ಅದನ್ನೂ ಇದ್ದ ಹಾಗೇ ಬರೆದರು. ಫೋಟೊ ತೆಗೆದು ಫೋನಿನಲ್ಲಿ ಹೆಂಡತಿಗೆ ಕಳಿಸಿದೆ. ಆಕೆ ಕಚೇರಿಗೆ ಕೊಟ್ಟಳು.

ಹತ್ತು ದಿನಕ್ಕೆ ಉತ್ತರ ಬಂತು. ನಕಲು ನಡೆಯುವುದಿಲ್ಲ, ಇವುಗಳ ಮೂಲಪ್ರತಿ ಕಳಿಸಿ ಎಂದು ಪಟ್ಟಿ. ಒಂದು, ಅಫಿಡವಿಟ್. ಎರಡು, ಮದುವೆ ನೋಂದಣಿ ಪತ್ರ. ಮೂರು, ಹೆಸರು ಬರೆದಿರುವ ಅಕ್ಕಿ.

ಹೆಂಡತಿ ಫೋನಿನಲ್ಲಿ ಇದನ್ನು ಓದಿ ಹೇಳುವಾಗ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಾನು ಅವ್ವನ ಕಡೆ ತಿರುಗಿ, ಆ ಅಕ್ಕಿ ಆಮೇಲೆ ಏನಾಯಿತು ಎಂದು ಕೇಳಿದೆ.

'ಏನಾಗ್ತೈತಿ? ಅವತ್ತ ಪಾಯಸ ಮಾಡಿದ್ವಿ' ಎಂದಳು ಅವ್ವ. 'ನೀನೂ ಉಂಡಿ. ಎರಡು ಸಲ ನೀಡಿಸಿಕೊಂಡಿ.'

ಲೋಣಾವಳಾಕ್ಕೆ ಹೋದ ಫೋನು

ಆಕೆಗೆ ಬೆಳಗ್ಗೆ ಎಂಟಾದಾಗ ನಮಗೆ ಹನ್ನೊಂದೂವರೆ. ಕೆಲಸಕ್ಕೆ ಹೊರಡುವ ಮೊದಲು ಫೋನು ಮಾಡುತ್ತಿದ್ದಳು. ಆ ಹೊತ್ತಿಗೆ ನನ್ನ ಮುಂದೆ ಲಾರಿ, ಹಮಾಲರು, ಕೊಡದಷ್ಟು ದಪ್ಪನೆಯ ಬೆಲ್ಲದ ಪೆಂಟೆಗಳು.

ಒಂದು ದಿನ, 'ಮಾತೇನೂ ಬ್ಯಾಡ್ರಿ. ಫೋನು ಅಲ್ಲೇ ಎಲ್ಲ್ಯರ ಇಡ್ರಿ' ಎಂದಳು.

'ಯಾಕ?'

'ಇಲ್ಲಿ ಭಾಳ ಸುಮ್ನ ಐತ್ರಿ. ಬಸ್ಸಿನಾಗ ಸುದ್ದಾ ಯಾರೂ ಮಾತಾಡೂದಿಲ್ಲ. ಒಂದೀಟು ಗದ್ದಲ ಕೇಳ್ತೀನಿ.'

ಫೋನನ್ನು ಪೆಂಟೆಗಳ ಮೇಲಿಟ್ಟು ಆ ಕಡೆ ಹೋದೆ. ಹಮಾಲರು ಅವತ್ತು ಎಂದಿಗಿಂತ ಜೋರಾಗಿ ಬೈದಾಡಿಕೊಂಡರು. ಆಕೆಗೆ ಕೇಳಲಿ ಎಂದು ನಾನೂ ಸುಮ್ಮನೆ ಇಬ್ಬರನ್ನು ಬೈದೆ. ತಿರುಗಿ ಬಂದರೆ ಪೆಂಟೆಯೂ ಇಲ್ಲ, ಫೋನೂ ಇಲ್ಲ, ಲಾರಿಯೂ ಇಲ್ಲ. ಡ್ರೈವರನ ಫೋನು ಇರಬೇಕೆಂದು ಹಮಾಲನೊಬ್ಬ ಅದನ್ನು ಡ್ರೈವರನ ಸೀಟಿನ ಮುಂದೆ ಇಟ್ಟು ಬಂದಿದ್ದ. ಲಾರಿ ಲೋಣಾವಳಾದ ಚಿಕ್ಕಿ ಅಂಗಡಿಗೆ ಹೊರಟುಹೋಗಿತ್ತು. ಅದು ನಮಗೆ ಗೊತ್ತಾದದ್ದು ಹೇಗೆಂದರೆ, ಜರ್ಮನಿಯಿಂದ ಆಕೆ ಅವ್ವನಿಗೆ ಫೋನು ಮಾಡಿ, 'ಅತ್ತಿ, ನಿಮ್ಮ ಮಗನ ಫೋನು ಈಗಷ್ಟ ಟೋಲ್ ನಾಕಾ ದಾಟಿತು ಅಂತ ಹೇಳ್ರಿ' ಎಂದು ತಿಳಿಸಿದ್ದರಿಂದ.

ಮರುದಿನ ಫೋನು ತಿರುಗಿ ಬಂತು. ಆಕೆಯನ್ನು ಸಮಾಧಾನ ಮಾಡೋಣವೆಂದು, ಪಾಪ, ನಿನ್ನೆ ಬೇಜಾರಾಯಿತೇನೋ ಎಂದೆ.

'ಇಲ್ರಿ' ಎಂದಳು. 'ಡ್ರೈವರ್ ಮಾಮಾ ಒಂದು ತಾಸು ಮಾತಾಡಿದ್ರು. ಅವರ ಹೆಂಡತಿ ತವರಿಗೆ ಹೋಗಿ ಎಂಟು ದಿನ ಆಗೇತಂತ, ಒಂದಽ ಸಮನ ನೆನಿಸ್ತಾರ. ನೀವು ಒಂದಿನರ ಹಂಗ ಅಂದೀರೇನು?'

ಡ್ರಾವರು

ಈಗ ನನ್ನ ತಪ್ಪಿನ ವಿಷಯ. ಅಕ್ಕಿಯೊಂದನ್ನು ಬಿಟ್ಟು ಉಳಿದೆಲ್ಲ ಮೂಲಪ್ರತಿಗಳನ್ನು ಲಕೋಟೆಗೆ ಹಾಕಿ, ಅಂಟಿಸಿ, ಕೊರಿಯರಿಗೆ ಕೊಡಲೆಂದು ಅಂಗಡಿಗೆ ತಂದೆ. ತಂದವನು ಡ್ರಾವರಿನಲ್ಲಿಟ್ಟೆ. ಒಂದು ದಿನವಾಯಿತು, ಎರಡು ದಿನವಾಯಿತು. ಕೊರಿಯರಿನವನ ಅಂಗಡಿ ಇದ್ದದ್ದು ನಮ್ಮ ಎದುರಿಗೇ. ಆ ಕಡೆ ನೋಡಲಿಲ್ಲ. ಈ ಲಕೋಟೆ ಹೋಗದಿದ್ದರೆ ಮುಂದಿನ ತಿಂಗಳು ಆಕೆ ಮನೆಗೆ ಬರುತ್ತಾಳೆ. ಇಷ್ಟು ಸುಲಭ. ಯಾರಿಗೂ ಏನೂ ಅನ್ನಬೇಕಾಗಿಲ್ಲ, ಡ್ರಾವರು ತೆರೆಯದಿದ್ದರೆ ಸಾಕು.

ನಾಲ್ಕನೇ ದಿನ ಆಕೆ ಕೇಳಿದಳು. 'ಕಳಿಸಿದ್ರ್ಯಾ?'

'ಇಲ್ಲ.'

'ಯಾಕ್ರಿ?'

ಸುಳ್ಳು ಹೇಳಲು ಬರಲಿಲ್ಲ. 'ಕಳಿಸಲಿಲ್ಲಂದ್ರ ನೀ ಬರ್ತಿ ಅಂತ.'

ಆಕೆ ಮೆಲ್ಲಗೆ, 'ಬರ್ತೀನ್ರಿ. ಆದ್ರ ಹಂಗ ಬಂದಾಕಿ ಜನ್ಮಪೂರ್ತಿ ಸಿಟ್ಟಿಲೇ ಇರತಾಳ. ನಡೀತೈತೇನು?' ಎಂದಳು.

ಎದ್ದು ಎದುರಿನ ಅಂಗಡಿಗೆ ಹೋದೆ. ಕೊರಿಯರಿನವನು ಫಾರಮ್ಮು ತುಂಬುತ್ತ, ಒಳಗೆ ಬೆಲೆಬಾಳುವಂಥದ್ದು ಏನಾದರೂ ಇದೆಯೇ ಎಂದು ಕೇಳಿದ. 'ನನ್ನ ಸಂಸಾರಾನೇ ಇದೆ' ಎಂದೆ. ಅವನು ತಲೆ ಎತ್ತದೆ, 'ಬೆಲೆಯಿಲ್ಲದ ಕಾಗದಪತ್ರ' ಎಂದು ಬರೆದುಕೊಂಡ.

ಅವ್ವನ ಸಾಕ್ಷಿ

ಕಾಗದ ತಲುಪಿದವು. ಆದರೂ ಅಲ್ಲಿಯ ಕಚೇರಿಯ ಮೇಡಮ್ಮಿಗೆ ಅಕ್ಕಿಯ ಸಂಶಯ ಹೋಗಲಿಲ್ಲ. ಕೊನೆಯ ಭೇಟಿಯ ದಿನ, ಹೆಸರಿಟ್ಟವರು ಬದುಕಿದ್ದರೆ ವಿಡಿಯೊ ಕಾಲ್‌ನಲ್ಲಿ ಒಂದು ಮಾತು ಕೇಳುತ್ತೇನೆ ಎಂದರು. ವೀಸಾ ಮುಗಿಯಲು ಒಂಬತ್ತು ದಿನ ಉಳಿದಿತ್ತು.

ಅವ್ವ ಬೆಳಗ್ಗೆಯೇ ಇಳಕಲ್ಲ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಏನೂ ತಿನ್ನದೆ ಕೂತಳು. ಮಧ್ಯಾಹ್ನ ಹನ್ನೆರಡೂವರೆಗೆ ಕಾಲ್ ಬಂತು. ಮೇಡಮ್ಮು ಒಂದು ಕಡೆ, ನನ್ನ ಹೆಂಡತಿ ಪಕ್ಕದಲ್ಲಿ. ಮೇಡಮ್ಮಿಗೆ ಕನ್ನಡ ಬರುವುದಿಲ್ಲ, ಅವ್ವನಿಗೆ ಜರ್ಮನ್ ಬರುವುದಿಲ್ಲ. ನಡುವೆ ಅನುವಾದ ಮಾಡುವವಳು ಆಕೆಯೇ.

'ಇವರು ಯಾರು?'

'ನನ್ನ ಸೊಸಿ ಸ್ನೇಹಾ.'

ಮೇಡಮ್ಮು ಡಿಪ್ಲೊಮಾದ ಮೇಲಿದ್ದ ಎರಡು ಜಡೆಯ ಹುಡುಗಿಯ ಫೋಟೊ ಎತ್ತಿ ಹಿಡಿದರು. 'ಇವರು?'

'ಅದು ನೀಲವ್ವ.'

'ಇಬ್ಬರೂ ಒಬ್ಬರೇ ಏನು?'

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಸರಕಾರದ ಮುಂದೆ ಸುಳ್ಳು ಹೇಳಬಾರದೆಂದು ಅವ್ವ ವಿಚಾರ ಮಾಡಿದಳು. 'ಹೆಂಗ ಒಬ್ರು ಆಗತಾರ್ರಿ? ನೀಲವ್ವ ಬಾಯಾಗ ನಾಲಿಗಿ ಇಲ್ಲದ ಹುಡುಗಿ. ನಾ ಹತ್ತು ಮಾತಂದ್ರ ಒಂದೂ ಅಂತಿದ್ದಿಲ್ಲ. ಇಕಿ ನಾ ಒಂದಂದ್ರ ಹತ್ತಂತಾಳ. ಆಕಿ ಬಾವಿಗೆ ಒಬ್ಬಾಕಿನ ಹೋಗಾಕ ಅಂಜತಿದ್ಲು. ಇಕಿ ನಿಮ್ಮ ಊರತನಕ ಒಬ್ಬಾಕಿನ ಬಂದಾಳ.'

ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. ಹೆಂಡತಿ ಕಣ್ಣು ಮಿಟುಕಿಸದೆ ಅಷ್ಟನ್ನೂ ಒಂದೇ ಶಬ್ದದಲ್ಲಿ ಅನುವಾದಿಸಿದಳು. 'ಯಾ.' ಅಂದರೆ ಹೌದು.

ಇಷ್ಟೆಲ್ಲ ಮಾತಿಗೆ ಅಷ್ಟೇ ಏನು ಎಂದು ಮೇಡಮ್ಮು ಕೇಳಿದರಂತೆ. 'ಸ್ವಲ್ಪ ವಿವರವಾಗಿ ಒಪ್ಪಿಕೊಂಡರು' ಎಂದಳಂತೆ ಆಕೆ. ಕಾಗದದ ಮೇಲೆ ಠಪ್ಪೆಂದು ಶಿಕ್ಕಾ ಬಿದ್ದ ಸದ್ದು ಖಡಕಿಯ ತನಕ ಕೇಳಿತು.

ಆಕೆ ಗೆದ್ದಳು. ನನಗೆ ಖುಷಿಯಾಯಿತು, ಹಾಗೆಯೇ ಇನ್ನು ಆಕೆ ಬರುವುದು ಎಂದೋ ಎಂದು ಲೆಕ್ಕ ಹಾಕತೊಡಗಿದೆ. ಕಾಲ್ ಮುಗಿಯಿತು ಎಂದುಕೊಂಡರೆ ಅವ್ವ, 'ತಡೀರಿ' ಎಂದಳು. ಎರಡೂ ಕೈ ಜೋಡಿಸಿದಳು.

'ಅಕ್ಕಾರ, ಇಕಿಗೆ ತಾಯಿ ತಂದಿ ಇಲ್ಲ. ನಾನ ತಾಯಿ ಅಂತ ತಿಳಕೋರಿ. ಈಗ ಇಕಿ ನಿಮ್ಮ ಮನಿಯಾಗ ಇರಾಕಿ. ದುಡಿತಾಳ, ದುಡಸ್ಕೋರಿ. ಆದ್ರ ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನ ತವರಿಗೆ ಕಳಸೂದು ನಮ್ಮ ಪದ್ಧತಿ. ಎಂಟು ದಿನ ಕಳಸಿಕೊಡ್ರಿ.'

ಹೆಂಡತಿಗೆ ಇದನ್ನು ಅನುವಾದ ಮಾಡಲಾಗಲಿಲ್ಲ. ಸೆರಗಿಲ್ಲದ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡಳು. ಏನಂತೆ ಎಂದು ಮೇಡಮ್ಮು ಮತ್ತೆ ಮತ್ತೆ ಕೇಳಿದ ಮೇಲೆ ನಾಲ್ಕು ಮಾತು ಹೇಳಿದಳು. ಮೇಡಮ್ಮು ಸ್ವಲ್ಪ ಹೊತ್ತು ನಮ್ಮವ್ವನನ್ನೇ ನೋಡಿ, ಕ್ಯಾಲೆಂಡರು ತಿರುವಿ, ಏನೋ ಅಂದರು. 'ವೀಸಾದ ಕಾರ್ಡು ಕೈಗೆ ಬಂದ ಮ್ಯಾಲೆ ರಜಾ ಹಾಕಿ ಹೋಗಬಹುದಂತ, ಅತ್ತಿ' ಎಂದಳು ಆಕೆ.

ನನಗೆ ತಡೆಯಲಾಗಲಿಲ್ಲ. ಅವ್ವನ ಮುಂದೆ ನುಗ್ಗಿ, ಫೋನಿಗೆ ಮುಖ ಹಚ್ಚಿ, 'ನಾನಽ ಬಂದು ಕರಕೊಂಡು ಬರ್ತೀನಿ, ಕೇಳಿಸ್ತೇನು? ನಾನಽ ಬರ್ತೀನಿ' ಎಂದೆ.

ಅವ್ವ ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದಳು. 'ಪಂಚಮಿಗೆ ಕರ್ಯಾಕ ಅಣ್ಣ ತಮ್ಮ ಹೋಗತಾರ. ಗಂಡಂದೇನು ಕೆಲಸ ಅಲ್ಲಿ? ಸರಿ ಆಕಡೆ, ಆಕಿ ಮಾರಿ ಕಾಣವಲ್ದು ನನಗ.'