ಗುಲಾಬಿ ವಸಡಿನ ಕಂಪ್ಯೂಟರ್

"ಈ ಕೈ ಎಷ್ಟು ಬಾಯಿ ಕಟ್ಟಿದೆ ಗೊತ್ತಾ? ಬೋಳು ಬಾಯಲ್ಲಿ ಕಡಲೆ ಅಗಿಸಿದ ಕೈ ಇದು! ಒಂದು ಡಬ್ಬಿ ಕಟ್ಟೋದು ಯಾವ ಮಹಾ!" ಎಂದು ಹಲ್ಲಪ್ಪ ನಡುಮನೆಯಲ್ಲಿ ನಿಂತು ಎದೆ ತಟ್ಟಿಕೊಂಡ.

ಹಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹಲ್ಲಿನ ಡಾಕ್ಟರುಗಳಿಗೆಲ್ಲ ಅವನೇ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಅದಕ್ಕೇ ಬೀದಿಯವರು ಹಾಗೆ ಕರೆದರು. ಹೋಗ್ತಾ ಹೋಗ್ತಾ ಹೆಂಡತಿಯ ತವರಿನವರೂ ಅದನ್ನೇ ಖಾಯಂ ಮಾಡಿದರು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಕಿಟಕಿಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ದವಡೆಗಳು ಕೂತಿರುತ್ತಿದ್ದವು. ಹೊಸಬರು ಒಳಗೆ ಬಂದರೆ, ಇಷ್ಟೊಂದು ಜನ ತಮ್ಮನ್ನು ನೋಡಿ ಯಾಕೆ ನಗುತ್ತಿದ್ದಾರೆ ಎಂದು ಮೊದಲು ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಇನ್ನು ಡಬ್ಬಿ ಎಂದನಲ್ಲ, ಅದು ಊಟದ ಡಬ್ಬಿಯಲ್ಲ. ಕಂಪ್ಯೂಟರ್! ಈಗಿನ ಹಾಗೆ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಕೀಬೋರ್ಡಿನ ಹೊಟ್ಟೆಯೊಳಗೇ ಮಿಷನ್ನು, ಟಿ.ವಿ.ಗೆ ವೈರು ಸಿಕ್ಕಿಸಿದರೆ ಅದೇ ಪರದೆ. ಮಾವನವರು ಬದುಕಿದ್ದಾಗ ಕೊಂಡದ್ದು. ಆಗ ಅದನ್ನು ನೋಡಲು ಬೀದಿಯ ಜನವೆಲ್ಲ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರಂತೆ. ಮಾವ ಹೋದ ಮೇಲೆ ಅತ್ತೆ ಮಗಳ ಮನೆಗೆ ಬಂದಾಗ ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಒಂದು ದಪ್ಪ ಹಳೇ ಟಿ.ವಿ., ಮತ್ತೆ ಇದು. ಇದಕ್ಕೆ ಜೀವ ಹೋಗಿ ಯಾವ ಕಾಲವಾಗಿತ್ತೋ! ಆದರೂ ಅತ್ತೆ ದಿನಾ ಬಟ್ಟೆ ಹಿಡಿದು ಒರೆಸುತ್ತಿದ್ದರು.

ಬೆಂಕಿ ಹಚ್ಚಿದ್ದು ಭಾವಮೈದನ ಫೋನು. ಅವನದು ಬೇರೆ ಊರಿನಲ್ಲಿ ಕಂಪ್ಯೂಟರ್ ಅಂಗಡಿ.

"ಭಾವ, ಭಾನುವಾರ ಬರ್ತೀನಿ. ಅಪ್ಪನ ಹಳೇ ಮಿಷನ್ ಒಯ್ತೀನಿ. ಅಂಗಡಿ ಬಾಗಿಲಲ್ಲಿಟ್ಟು, 'ನಿಮ್ಮ ಮನೇಲೂ ಇಂಥದ್ದೇ ಇದೆಯಾ?' ಅಂತ ಬೋರ್ಡ್ ಹಾಕ್ತೀನಿ. ನೋಡಿದವರು ಬಿದ್ದು ಬಿದ್ದು ನಗಬೇಕು, ಒಳಗೆ ಬಂದು ಹೊಸದು ಕೊಳ್ಳಬೇಕು!"

ಅತ್ತೆಗೆ ಕೇಳಿಸಿತು. ಜಗಳ ಆಡುವ ಪೈಕಿ ಅಲ್ಲ ಅವರು. ಒರೆಸುವ ಬಟ್ಟೆಯನ್ನು ಮಡಚಿ ಮಿಷನ್ನಿನ ಮೇಲೆ ಹೊದಿಸಿ, "ಅವರಿದ್ದಾಗ ಇದನ್ನ ನೋಡಿ ಯಾರೂ ನಕ್ಕಿರಲಿಲ್ಲ" ಎಂದರು. ಅಷ್ಟೇ.

ಅಷ್ಟೇ ಸಾಕಾಯಿತು! ಹಲ್ಲಪ್ಪನ ರಕ್ತ ಕುದಿಯಿತು. "ಲೋ ಭಾವಮೈದ, ಭಾನುವಾರ ನೀನು ಬರೋ ಹೊತ್ತಿಗೆ ಇದು ಓಡ್ತಿದ್ರೆ?"

"ಅದು ಓಡೋದು! ಸತ್ತದ್ದು ಎದ್ದು ಕೂತರೆ ಅಮ್ಮನ ಹತ್ರವೇ ಇರಲಿ ಭಾವ. ನಾನು ಕೈಬೀಸ್ಕೊಂಡು ವಾಪಸ್ ಹೋಗ್ತೀನಿ."

ಹೀಗೆ ಶಪಥವಾಯಿತು. ಹೆಂಡತಿ ಕಚೇರಿಗೆ ಹೊರಡುವ ಅವಸರದಲ್ಲಿದ್ದಳು. ಅಲ್ಲಿ ಅವಳು ಟೈಪಿಸ್ಟು. ಚಪ್ಪಲಿ ಮೆಟ್ಟುತ್ತಾ ಕೇಳಿದಳು: "ರೀ, ಮೂರು ತಿಂಗಳಿಂದ ಬಚ್ಚಲು ನಲ್ಲಿ ತೊಟ್ಟಿಕ್ತಿದೆ. ಅದು ನಿಮ್ಮ ಕೈಲಿ ಆಗಲಿಲ್ಲ. ಕಂಪ್ಯೂಟರ್ ಆಗುತ್ತಾ?"

"ನಲ್ಲಿ ಯಾರು ಬೇಕಾದ್ರೂ ರಿಪೇರಿ ಮಾಡ್ತಾರೆ ಕಣೇ. ಇದಕ್ಕೆ ಕಲಾವಿದ ಬೇಕು!"

"ಕಲಾವಿದರೇ, ಹೋಗಿ ಮೊದಲು ಸ್ನಾನ ಮಾಡಿ."

ಸತ್ಯ ಹೇಳಬೇಕೆಂದರೆ ಒಳಗಿನ ಕೆಲಸವನ್ನು ಹಲ್ಲಪ್ಪ ಚೆನ್ನಾಗಿಯೇ ಮಾಡಿದ. ಹಲ್ಲಿನ ಸೆಟ್ಟಿಗೆ ಸೂಜಿಯಂಥ ತಂತಿ ಬೆಸೆದು ಪಳಗಿದ ಕೈ. ಬೀದಿ ತಿರುವಿನ ರೇಡಿಯೊ ರಿಪೇರಿಯವನನ್ನು ಕೇಳಿ, ಉಬ್ಬಿ ಕೂತಿದ್ದ ಕೆಪಾಸಿಟರುಗಳನ್ನು ಕಿತ್ತು ಹೊಸದು ಬೆಸೆದ. ತುಕ್ಕನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ಅದು ಯಾರ ಬ್ರಷ್ಷು ಎಂಬುದು ಮರುದಿನ ಬೆಳಿಗ್ಗೆ ಹೆಂಡತಿ ಕಿರುಚಿದಾಗ ಗೊತ್ತಾಯಿತು.

ಕಷ್ಟ ಬಂದದ್ದು ಹೊರಗಿನ ಕವಚಕ್ಕೆ. ಅದು ಹಳದಿಗಟ್ಟಿ, ಹಪ್ಪಳವಾಗಿತ್ತು. ಮುಟ್ಟಿದ ಕಡೆಯೆಲ್ಲ ಲಟಕ್! ಇನ್ನು ಹೊಸದನ್ನೇ ಕಟ್ಟಬೇಕು. ಬಡಗಿಯಾಗಿದ್ದರೆ ಅಳತೆಪಟ್ಟಿ ಹಿಡಿಯುತ್ತಿದ್ದ. ದರ್ಜಿಯಾಗಿದ್ದರೆ ಟೇಪು ಹಿಡಿಯುತ್ತಿದ್ದ. ಹಲ್ಲಪ್ಪನಿಗೆ ಗೊತ್ತಿದ್ದದ್ದು ಒಂದೇ ದಾರಿ. ಏನನ್ನಾದರೂ ಕಟ್ಟಬೇಕೆಂದರೆ ಮೊದಲು ಅಚ್ಚು ತೆಗೆಯಬೇಕು!

ಹಲ್ಲಿನ ಅಚ್ಚು ತೆಗೆಯುವ ಪುಡಿಯನ್ನು ಬಚ್ಚಲಿನ ಬಕೆಟ್ಟಿಗೆ ಸುರಿದ. ನೀರು ಹಾಕಿ ಗರಗರ ತಿರುವಿದ. ಮನೆಯೆಲ್ಲ ಪುದೀನ ವಾಸನೆ. ಆ ಪುಡಿಯ ಗುಣ ಏನೆಂದರೆ, ಕಲಸಿದವನು ಕೆಮ್ಮಿದರೂ ಸಾಕು, ಅಷ್ಟರಲ್ಲಿ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಹಲ್ಲಪ್ಪ ಹಿಂದೆ ಮುಂದೆ ನೋಡದೆ ಬಕೆಟ್ಟನ್ನು ಕೀಬೋರ್ಡಿನ ಮೇಲೆ ಬೋರಲು ಹಾಕಿದ. ಮಿಷನ್ನಿನ ಕರುಳನ್ನೆಲ್ಲ ಮೊದಲೇ ತೆಗೆದು ಬೇರೆ ಇಟ್ಟಿದ್ದ, ಪುಣ್ಯಾತ್ಮ! ಗುಂಡಿಗಳು ಮಾತ್ರ ಅಲ್ಲೇ ಇದ್ದವು.

ಗಟ್ಟಿಯಾಯಿತು. ಹಿಡಿದು ಎಳೆದ. ಬರಲಿಲ್ಲ. ಮಂಡಿಯೂರಿ ಎಳೆದ. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದ. ಪಟಪಟಪಟ! ಅಚ್ಚೂ ಬಂತು, ಅದರ ಜೊತೆ ಅಷ್ಟೂ ಗುಂಡಿಗಳು ಬುಡಸಮೇತ ಕಿತ್ತು ಬಂದವು. ಹಲ್ಲಪ್ಪ ಅಂಗಾತ ಬಿದ್ದ.

ಸದ್ದು ಕೇಳಿ ಅತ್ತೆ ಬಂದು ಇಣುಕಿದರು. ಬೋಳು ಕೀಬೋರ್ಡನ್ನು ನೋಡಿದರು. "ಅಳಿಯಂದ್ರೇ, ಇದಕ್ಕೂ ಕೀಳಬೇಕಾಗಿತ್ತಾ?"

"ಹೆದರಬೇಡಿ ಅತ್ತೆ. ಕಿತ್ತ ಮೇಲೇ ಅಲ್ಲವೇ ಕಟ್ಟೋದು!" ಎಂದು ಹಲ್ಲಪ್ಪ ನೆಲದ ಮೇಲಿನಿಂದಲೇ ಧೈರ್ಯ ಹೇಳಿದ.

ಧೈರ್ಯಕ್ಕೆ ಕಾರಣವಿತ್ತು. ಅಚ್ಚನ್ನು ಮಗುಚಿ ನೋಡಿದರೆ, ಗುಂಡಿಗಳೆಲ್ಲ ಸಾಲು ತಪ್ಪದೆ ಅದರಲ್ಲಿ ಹೂತು ಕೂತಿದ್ದವು! ಯಾವುದರ ಪಕ್ಕ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಡದಿಂದ ಒಂದೊಂದೇ ತೆಗೆದು, ಎಡದಿಂದ ಒಂದೊಂದೇ ಕೂರಿಸಿದರಾಯಿತು. "ಬುದ್ಧಿ ಅಂದ್ರೆ ಇದು!" ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಆಮೇಲೆ ಶುರುವಾಯಿತು ಅಡುಗೆಮನೆಯ ಮೇಲೆ ದಂಡಯಾತ್ರೆ. ವಸಡು ಮಾಡುವ ಪುಡಿಯನ್ನು ಕಲಸಿ, ಅಚ್ಚಿಗೆ ಒತ್ತಿ, ಕುದಿಯುವ ನೀರಿನಲ್ಲಿ ಬೇಯಿಸಿದರೆ ಕಲ್ಲಿನಂತೆ ಗಟ್ಟಿ. ಸೆಟ್ಟಿಗೆ ಪುಟ್ಟ ಪಾತ್ರೆ ಸಾಕು. ಇದಕ್ಕೆ ಮನೆಯ ದೊಡ್ಡ ಪಾತ್ರೆಯೇ ಬೇಕಾಯಿತು. ಹೆಂಡತಿ ಕಚೇರಿಯಿಂದ ಹಸಿದು ಬಂದಳು.

"ಒಲೆ ಮೇಲೆ ಏನ್ರೀ ಬೇಯ್ತಿದೆ?"

"ಮುಚ್ಚಳ ತೆಗೀಬೇಡ! ಕಂಪ್ಯೂಟರಿನ ಬೆನ್ನು!"

"ಮತ್ತೆ ನಮ್ಮ ಊಟ?"

"ಹೊಟ್ಟೆ ಭಾಗ ಬೆಂದುಬಿಡಲಿ, ಒಲೆ ನಿಂದೇ."

"ಯಾರ ಹೊಟ್ಟೆ?"

"ಅದರದ್ದು."

"ನನ್ನ ಹೊಟ್ಟೆ ಉರೀತಿದೆ. ಬೇಕಾದ್ರೆ ಅದರ ಮೇಲೇ ಇಡಿ, ಬೇಗ ಬೇಯುತ್ತೆ!"

ಅಂತೂ ಶನಿವಾರದ ಹೊತ್ತಿಗೆ ಕವಚ ಸಿದ್ಧವಾಯಿತು. ಉಜ್ಜಿ, ತಿಕ್ಕಿ, ಮೆರುಗು ಕೊಟ್ಟ. ಬಣ್ಣ ಮಾತ್ರ ಅಪ್ಪಟ ಗುಲಾಬಿ. ಅದರ ಮೇಲೆ ಸಾಲು ಸಾಲು ಬಿಳಿ ಗುಂಡಿಗಳು. ಬುಡ ಮುರಿದಿದ್ದವಕ್ಕೆಲ್ಲ ಹೊಸ ಬುಡ ಕಟ್ಟಿ, ಜನ್ಮಕ್ಕೂ ಕದಲದಂಥ ಸಿಮೆಂಟು ಹಚ್ಚಿ ಕೂರಿಸಿದ. ಕೆಲವು ಅಗಲದ ಗುಂಡಿಗಳು ಜಾಗಕ್ಕೆ ಕೂರಲೊಲ್ಲೆ ಎಂದವು. ಬೇರೆ ಯಾರಾದರೂ ಆಗಿದ್ದರೆ ಇದೇಕೆ ಎಂದು ಯೋಚಿಸುತ್ತಿದ್ದರು. ಹಲ್ಲಪ್ಪ ಯೋಚಿಸಲಿಲ್ಲ. ಸೆಟ್ಟು ಕೂರದಿದ್ದರೆ ಏನು ಮಾಡುತ್ತಾರೆ? ಅರ ಹಿಡಿದು ಉಜ್ಜುತ್ತಾರೆ. ಉಜ್ಜಿದ. ಕೂತವು.

"ಬಣ್ಣ ಯಾಕೆ ಹೀಗೆ ಅಳಿಯಂದ್ರೇ?" ಎಂದರು ಅತ್ತೆ, ಮೆಲ್ಲಗೆ.

"ನನ್ನ ಹತ್ತಿರ ಇರೋದು ವಸಡಿನ ಬಣ್ಣ ಒಂದೇ ಅತ್ತೆ."

ಅತ್ತೆ ಒಂದು ಸುತ್ತು ಬಂದು ನೋಡಿದರು. "ಇರಲಿ ಬಿಡಿ. ಅವರು ನಕ್ಕರೂ ವಸಡೆಲ್ಲ ಕಾಣ್ತಿತ್ತು."

ಟಿ.ವಿ.ಗೆ ವೈರು ಸಿಕ್ಕಿಸಿ ಸ್ವಿಚ್ಚು ಒತ್ತಿದ. ಪರದೆ ನಡುಗಿತು, ಗೆರೆ ಎಳೆಯಿತು, ಆಮೇಲೆ ನೀಲಿಯಾಗಿ ನಿಂತಿತು. ಮೂಲೆಯಲ್ಲಿ ಒಂದು ಪುಟ್ಟ ಚೌಕ ಮಿಣಕ್ ಮಿಣಕ್. ಹಲ್ಲಪ್ಪ ಯಾವುದೋ ಒಂದು ಗುಂಡಿ ಒತ್ತಿದ. ಯಾವುದೋ ಒಂದು ಅಕ್ಷರ ಬಂತು. "ಬಂತು! ಬಂತು!" ಎಂದು ಕುಣಿದ. ಒತ್ತಿದ್ದು ಯಾವುದು, ಬಂದದ್ದು ಯಾವುದು ಎಂದು ನೋಡುವ ವ್ಯವಧಾನ ಯಾರಿಗಿತ್ತು? ಅತ್ತೆ ಕುರ್ಚಿ ಎಳೆದುಕೊಂಡು ಆ ಮಿಣುಕುವ ಚೌಕವನ್ನೇ ನೋಡುತ್ತಾ ಕೂತುಬಿಟ್ಟರು.

ಭಾನುವಾರ ಭಾವಮೈದ ಖಾಲಿ ರಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದ. ಮಿಷನ್ನನ್ನು ನೋಡಿ ಪೆಟ್ಟಿಗೆ ಕೈಬಿಟ್ಟ.

"ಭಾವ! ಇದು ಕಂಪ್ಯೂಟರೋ, ಆಕಳಿಸ್ತಿರೋ ಎಮ್ಮೆಯೋ?"

"ರೂಪ ನೋಡಬೇಡ, ಗುಣ ನೋಡು!" ಎಂದು ಹಲ್ಲಪ್ಪ ಸ್ವಿಚ್ಚು ಒತ್ತಿ, ಮೀಸೆಯ ಮೇಲೆ ಕೈಯಾಡಿಸಿದ. ನೀಲಿ ಪರದೆ ಬಂತು. ಭಾವಮೈದನ ಮುಖ ಸಪ್ಪಗಾಯಿತು.

"ಬೆಳಕು ಬಂದ್ರೆ ಆಯ್ತಾ? ಬೀದಿ ದೀಪಕ್ಕೂ ಬರುತ್ತೆ. ಅಪ್ಪ ನನಗೆ ಎರಡು ಸಾಲು ಕಲಿಸಿದ್ರು. ಅದನ್ನ ಹೊಡೆದ್ರೆ ನನ್ನ ಹೆಸರು ಪರದೆ ತುಂಬಾ ಉರುಳ್ತಾ ಹೋಗುತ್ತೆ, ನಿಲ್ಲಿಸೋವರೆಗೂ. ಅದು ಬರಲಿ, ಒಪ್ತೀನಿ."

ಕೂತ. ಗುಂಡಿಗಳನ್ನು ನೋಡಿ ನೋಡಿ, ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಒತ್ತಿದ. ಪರದೆಯ ಮೇಲೆ ಬಂದದ್ದು ಯಾವ ಭಾಷೆಯೋ! ಮಿಷನ್ನು ತಾನೇ ಅಸಹ್ಯಪಟ್ಟುಕೊಂಡು, ತಪ್ಪು ಎಂದು ತೋರಿಸಿತು. ಮತ್ತೆ ಒತ್ತಿದ. ಮತ್ತೆ ತಪ್ಪು!

"ನೋಡಿದ್ರಾ? ಜೀವ ಬಂದಿದೆ, ಬುದ್ಧಿ ಬಂದಿಲ್ಲ. ಅಮ್ಮಾ, ಬೇಜಾರು ಮಾಡ್ಕೋಬೇಡ, ಒಯ್ತೀನಿ." ಅವನು ಪೆಟ್ಟಿಗೆ ಬಿಡಿಸತೊಡಗಿದ. ಅತ್ತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಹಲ್ಲಪ್ಪನ ಬೆವರು ಹಿಮ್ಮಡಿಗೆ ಇಳಿಯಿತು. ಸಾಲಿನ ಈ ತುದಿಯ ಗುಂಡಿ ಒತ್ತಿದ. ಆ ತುದಿಯ ಅಕ್ಷರ ಬಂತು. ಆ ತುದಿಯದು ಒತ್ತಿದ. ಈ ತುದಿಯದು ಬಂತು! ಕಾರ್ಖಾನೆಗೆ ಓಡಿ, ಹಳೇ ಅಚ್ಚನ್ನು ಎತ್ತಿ ಹಿಡಿದು ನೋಡಿದ. ನಿಂತಲ್ಲೇ ಕಲ್ಲಾದ.

ಕನ್ನಡಿಯಲ್ಲಿ ಎಡಗೈ ಬಲಗೈ ಆಗುವುದಿಲ್ಲವೇ, ಮಗುಚಿದ ಅಚ್ಚಿನಲ್ಲೂ ಹಾಗೇ! ಕೆಲಸ ಕಲಿಯಲು ಬಂದವರಿಗೆ ಮೊದಲ ದಿನವೇ ಈ ಪಾಠ ಹೇಳುವವನು ಇವನೇ. ಹಲ್ಲಿನ ಕೆಲಸದಲ್ಲಾದರೆ ಅಚ್ಚಿಗೆ ಗಾರೆ ಸುರಿದು ಇನ್ನೊಂದು ದವಡೆ ಎತ್ತುತ್ತಾರೆ, ಎಡಬಲ ತಾನಾಗಿ ಸರಿಹೋಗುತ್ತದೆ. ಇಲ್ಲಿ ಅವಸರದ ಅಣ್ಣ ಅಚ್ಚಿನಿಂದ ನೇರವಾಗಿ ಎತ್ತಿ ಕೂರಿಸಿದ್ದ. ಇಡೀ ಕೀಬೋರ್ಡು ತಿರುಗುಮುರುಗು!

ಬಂದು ಒಪ್ಪಿಕೊಂಡ. ಭಾವಮೈದ ನೆಲಕ್ಕೆ ಕೂತು ನಕ್ಕ. "ಹಾಗಾದ್ರೆ ಕಿತ್ತು ಸರಿಯಾಗಿ ಹಾಕಿ ಭಾವ!"

"ಆಗಲ್ಲ ಕಣೋ. ನಾನು ಕಟ್ಟಿದ ಹಲ್ಲು ಅಲ್ಲಾಡೋದಿಲ್ಲ!" ಸೋತಾಗಲೂ ಆ ಮಾತಿನಲ್ಲಿ ಜಂಭ ಬಿಟ್ಟಿರಲಿಲ್ಲ.

"ಅಂಗಡಿಗೆ ಇನ್ನೂ ಒಳ್ಳೇದಾಯ್ತು. ಜನ ಎರಡೆರಡು ಸಲ ನಗ್ತಾರೆ!"

ಆಗ ಹೆಂಡತಿ ಅಡುಗೆಮನೆಯಿಂದ ಕೈ ಒರೆಸುತ್ತಾ ಬಂದಳು. ಅಮ್ಮನ ಮುಖ ನೋಡಿದಳು. ಗಂಡನ ಮುಖ ನೋಡಿದಳು. "ಏಳೋ ಮೇಲೆ" ಎಂದು ತಮ್ಮನನ್ನು ಎಬ್ಬಿಸಿ ತಾನು ಕೂತಳು.

"ಅಕ್ಕಾ, ಅಕ್ಷರ ಎಲ್ಲಾ ಅದಲುಬದಲು!"

"ಅಕ್ಷರ ನೋಡಿ ಟೈಪ್ ಮಾಡೋಳಾಗಿದ್ರೆ ಆಫೀಸಿನವರು ನನ್ನ ಎಂದೋ ಮನೆಗೆ ಕಳಿಸ್ತಿದ್ರು. ಬೆರಳಿಗೆ ಜಾಗ ಗೊತ್ತು, ಸಾಕು. ಎರಡು ಸಾಲು ಅಂದ್ಯಲ್ಲ, ಬಾಯಲ್ಲಿ ಹೇಳು."

ಅವನು ಹೇಳಿದ. ಅವಳ ಕಣ್ಣು ಟಿ.ವಿ.ಯ ಮೇಲೆ, ಬೆರಳು ಗುಲಾಬಿ ವಸಡಿನ ಮೇಲೆ. ಟಕಟಕಟಕ! ಒಂದು ಅಕ್ಷರ ತಪ್ಪಲಿಲ್ಲ.

"ಇಲ್ಲಿ ನನ್ನ ಹೆಸರು ಹಾಕು ಅಕ್ಕಾ."

"ಏನು ಹಾಕಬೇಕು ನನಗೆ ಗೊತ್ತು. ಒಂದು ವಾರದಿಂದ ಸಹಿಸ್ಕೊಂಡಿದ್ದೀನಿ."

ಕೊನೆಯ ಗುಂಡಿ ಒತ್ತಿದಳು. ಪರದೆ ಒಮ್ಮೆ ಕಣ್ಣು ಪಿಳುಕಿಸಿತು. ಮಿಷನ್ನಿಗೆ ಬರುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಅವಳು ಬರೆಸಿದ್ದು ಮನೆಮಾತು. ಸಾಲಿನ ಮೇಲೆ ಸಾಲು, ಮೇಲಿನಿಂದ ಕೆಳಗೆ, ತುಂಬಿ ಉರುಳಿ, ಮತ್ತೆ ತುಂಬಿ, ಒಂದೇ ಮಾತು: 'ನನ್ನ ಗಂಡನಿಗೆ ಎಡಬಲ ತಿಳಿಯದು. ನನ್ನ ಗಂಡನಿಗೆ ಎಡಬಲ ತಿಳಿಯದು. ನನ್ನ ಗಂಡನಿಗೆ...'

"ಲೇ, ನಿಲ್ಸೇ ಅದನ್ನ!"

"ನಿಲ್ಲಿಸೋ ಗುಂಡಿ ಎಲ್ಲಿ ಕೂರಿಸಿದ್ದೀರೋ ನೀವೇ ಹುಡುಕಿ. ನನಗೆ ಒಲೆ ಮೇಲೆ ಕೆಲಸ ಇದೆ." ಅವಳು ಹೊರಟೇಹೋದಳು.

ಹಲ್ಲಪ್ಪ ಸ್ವಿಚ್ಚಿಗೆ ಕೈ ಹಾಕಿದ. ಭಾವಮೈದ ಗಬಕ್ಕನೆ ಕೈ ಹಿಡಿದ. "ಆರಿಸಿದ್ರೆ ಸತ್ತ ಲೆಕ್ಕ ಭಾವ! ನಾನು ಊಟ ಮಾಡಿ ಹೊರಡೋವರೆಗೆ ಹೀಗೇ ಓಡ್ತಿರಲಿ. ಓಡಿದ್ರೆ ಅಮ್ಮನದು."

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. ಅಳಿಯನನ್ನು ನೋಡಿದರು. ಅಷ್ಟೇ.

ಹಲ್ಲಪ್ಪ ಮೆಲ್ಲಗೆ ಕೈ ಹಿಂದಕ್ಕೆ ತೆಗೆದ. ಅವತ್ತು ಅವನು ಕೂತು ಊಟ ಮಾಡಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಟಿ.ವಿ.ಯ ಪಕ್ಕ ಕಾವಲು ನಿಂತ. ಸಡಿಲವಾಗಿದ್ದ ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಪಕ್ಕದ ಮನೆಯವರು ಬಂದು ನೋಡಿದರು. ರೇಡಿಯೊ ರಿಪೇರಿಯವನು ಬಂದು ನೋಡಿ, ಗಟ್ಟಿಯಾಗಿ ಓದಿ, ಮನೆಯವರನ್ನು ಕರೆತರಲು ಹೋದ. "ಯಾರೂ ವೈರು ಮುಟ್ಟಬೇಡಿ! ದೂರ ನಿಂತು ಓದಿ!" ಎಂದು ಹಲ್ಲಪ್ಪ ತನ್ನ ಮಾನ ಹರಾಜಾಗುತ್ತಿದ್ದ ಪರದೆಯನ್ನು ತಾನೇ ಪ್ರಾಣ ಕೊಟ್ಟು ಕಾಪಾಡಿದ.

ಸಂಜೆ ಭಾವಮೈದ ಖಾಲಿ ಪೆಟ್ಟಿಗೆಯನ್ನೇ ಹೊತ್ತು ಹೊರಟ. "ಗೆದ್ರಿ ಭಾವ!" ಎಂದು ಮನಸಾರೆ ಹೇಳಿಯೇ ಹೊರಟ.

ಬಾಗಿಲು ಮುಚ್ಚಿದ್ದೇ ತಡ, ಹಲ್ಲಪ್ಪ ಸ್ವಿಚ್ಚಿನ ಹತ್ತಿರ ಹಾರಿದ. "ಇನ್ನು ಆರಿಸ್ಲಾ ಅತ್ತೆ?"

"ಯಾಕೆ ಅವಸರ? ನನ್ನ ಕನ್ನಡಕ ಎಲ್ಲೋ ಇದೆ. ಅಷ್ಟು ಹೊತ್ತಿಂದ ಏನೋ ಹೇಳ್ತಾನೇ ಇದೆಯಲ್ಲ ಅದು, ಏನಂತ? ಓದಿ ಅಳಿಯಂದ್ರೇ."

ಹಲ್ಲಪ್ಪ ಗಂಟಲು ಸರಿಮಾಡಿಕೊಂಡ. ಓದಿದ.

ಅತ್ತೆ ಎದ್ದು ಬಂದು ಗುಲಾಬಿ ಬೆನ್ನನ್ನು ಮೆಲ್ಲಗೆ ತಟ್ಟಿದರು. ಕಣ್ಣು ತುಂಬಿಕೊಂಡಿತ್ತು.

"ನೋಡಿ ಅಳಿಯಂದ್ರೇ, ಇಷ್ಟು ವರ್ಷ ಮೂಲೇಲಿ ಬಿದ್ದಿತ್ತು. ಆದ್ರೂ ಸುಳ್ಳು ಹೇಳೋದು ಕಲಿತಿಲ್ಲ!"