ಟಿಣ್ ಎನ್ನುವ ಬೈಕು

ಚನ್ನಬಸವರಾಜನ ಬೈಕು ನಿಂತಲ್ಲಿ ಸಾಧು, ಓಡಿದರೆ ಟಿಣ್ ಟಿಣ್. ಅಮಾವಾಸ್ಯೆಗೆ ತೊಳೆದು, ನಿಂಬೆಹಣ್ಣು ಕಟ್ಟಿ ಪೂಜೆ ಮಾಡಿದ ಮರುದಿನದಿಂದಲೇ ಈ ಕಾಟ. ಹೋದ ವಾರ ಕುರುಗೋಡಿನ ತವರುಮನೆ ಮುಂದೆ ಇಳಿದ ಹೆಂಡತಿ ಅಂಜನಾ ಕಡ್ಡಿ ಮುರಿದಂತೆ ಹೇಳಿದ್ದಳು:

"ಕುಲ್ಫಿ ಗಾಡಿ ಬಂತಂತ ಹುಡುಗ್ರು ಬೆನ್ನ ಹತ್ತತಾವ. ಈ ಸದ್ದು ನಿಂತ ಮ್ಯಾಲ ಕರಿಯಾಕ ಬರ್ರಿ. ಅಲ್ಲೀತನ ನಾ ಬರಂಗಿಲ್ಲ."

ಒಂದು ವಾರ ತನ್ನದೇ ಉಪ್ಪಿಟ್ಟು ತಿಂದು ಅವನ ನಾಲಿಗೆ ಸುಣ್ಣ ಹೊಡೆದ ಗೋಡೆಯಂತಾಗಿತ್ತು. ಭಾನುವಾರ ಜೀನ್ಸ್ ಹೊಲಿಯುವ ಕೆಲಸಕ್ಕೆ ರಜೆ. ಇವತ್ತು ಅವಳನ್ನು ಕರೆತರಲೇಬೇಕೆಂದು, ಕಂಟೋನ್ಮೆಂಟಿನ ತನ್ನ ಮನೆಯ ಮುಂದಕ್ಕೇ ಮೆಕ್ಯಾನಿಕ್ ಚಾಂದಸಾಬನನ್ನು ಕರೆಸಿದ.

ಚಾಂದಸಾಬ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿದ.

"ಎಂಜಿನ್ ಬಾಯೇ ಬಿಡವಲ್ದು."

ಅಷ್ಟರಲ್ಲಿ ಓಣಿಯೇ ನೆರೆದಿತ್ತು. ಎದುರುಮನೆಯ ದುರ್ಗೇಶ್ ಸದ್ದನ್ನೂ ಅದುರುವಿಕೆಯನ್ನೂ ಅಳೆಯುವ ಆಪ್ ತೆರೆದು ಮೊಬೈಲನ್ನು ಸೀಟಿನ ಮೇಲಿಟ್ಟ. ತೆರೆಯ ಮೇಲೆ ಈಸಿಜಿಯಂತೆ ಗೆರೆಗಳು ಕುಣಿದವು.

"ಅಣ್ಣಾ, ಅರವತ್ತೆಂಟು ಡೆಸಿಬಲ್!"

"ಅದು ಹೆಚ್ಚೋ, ಕಡಿಮಿಯೋ?"

"ಅದೊಂದು ಗೊತ್ತಿಲ್ಲಣ್ಣ."

"ಲೇ ದುರ್ಗೇಶಾ, ಗಾಡಿಗೆ ಜ್ವರ ನೋಡಾಕತ್ತೀಯೇನೋ?" ಪಕ್ಕದ ಮನೆಯ ವೀರಭದ್ರಮ್ಮ ಕಟ್ಟೆಯಿಂದಲೇ ಕೂಗಿದರು. ಅಂಕಿ ತೊಂಬತ್ತಕ್ಕೆ ಜಿಗಿಯಿತು.

"ಅಮ್ಮಾ, ನೀವು ಬೈಕಿಗಿಂತ ಜೋರದೀರಿ!"

"ಓಡೋವಾಗ ಕೇಳಬೇಕು, ನಡೀರಿ," ಎಂದ ಚಾಂದಸಾಬ್. ಬೈಕು ಹೊರಡಿಸಿದ ಚನ್ನಬಸವರಾಜನ ಹಿಂದೆ ಕೂತು, ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಚುಚ್ಚಿ, ಗಾಳಿಗೆ ಬಾಗಿದ ಬಾಳೆಗಿಡದಂತೆ ಒಂದು ಕಡೆ ವಾಲಿದ. ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು. ಅದನ್ನು ಕಂಡ ಆಟೋದವನೊಬ್ಬ ಹಾರ್ನ್ ಬಾರಿಸುತ್ತಾ ಮುಂದೆ ನುಗ್ಗಿದ. "ದಾರಿ ಬಿಡ್ರೋ, ಪೇಶಂಟ್ ಐತಿ!"

ಅವನು ಬಿಡಿಸಿದ ದಾರಿ ಸೀದಾ ಆಸ್ಪತ್ರೆಗೇ ಮುಟ್ಟಿತು. ಬಾಗಿಲಲ್ಲಿ ಇಬ್ಬರು ಸ್ಟ್ರೆಚರ್ ತಂದೇಬಿಟ್ಟರು. ಚಾಂದಸಾಬ್ ಕಣ್ಣು ಬಿಟ್ಟು, "ಸದ್ದು ಮುಂದಿಂದ ಬರ್ತೈತಿ," ಎಂದ. "ಜ್ವರ ತಲಿಗೇರೈತಿ ಪಾಪ," ಎಂದು ಅವರು ಅವನ ಕಾಲು ಹಿಡಿದೆಳೆದರು. ಬಿಡಿಸಿಕೊಂಡು ಬರುವಷ್ಟರಲ್ಲಿ ಅವನ ಒಂದು ಚಪ್ಪಲಿ ಅಲ್ಲೇ ಉಳಿಯಿತು.

ವಾಪಸ್ಸು ಬಂದು ಬೈಕಿನ ಒಂದೊಂದೇ ಭಾಗ ಬಿಚ್ಚಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅದು ಪುಕ್ಕ ಕಿತ್ತ ಕೋಳಿಯಂತೆ ಕಾಣುತ್ತಿತ್ತು. ಕೊನೆಗೆ ವೀರಭದ್ರಮ್ಮ ಸಂತೆಯಲ್ಲಿ ಮಡಕೆ ಆರಿಸುವಂತೆ ಬೆರಳ ಗಂಟಿನಿಂದ ಬಡಿಯುತ್ತಾ ಬಂದರು. ಲೈಟು, ಮಡ್‌ಗಾರ್ಡ್, ಮುಂದಿನ ನಂಬರ್ ಪ್ಲೇಟು.

"ಇದಕ್ಕ ಒಂದು ಸಲ ಬಡಿದ್ರ ಎರಡು ಸದ್ದು ಬರ್ತಾವು ನೋಡ್ರಿ!"

ಪ್ಲೇಟಿನ ಹಿಂದೆ ಕೈ ಹಾಕಿ ಎಳೆದರೆ ಬಂದದ್ದು, ಕರಿದಾರ ಕಟ್ಟಿದ ಕುದುರೆ ಲಾಳ!

"ಶಿವಾ ಶಿವಾ! ಯಾರೋ ಮಾಟ ಮಾಡಿಸ್ಯಾರ. ಮನಿಯೊಳಗ ಒಯ್ಯಬ್ಯಾಡಪ್ಪ, ಹರಿಯೋ ನೀರಿಗೆ ಒಗಿ."

ಬೈಕು ಮತ್ತೆ ಜೋಡಿಸಿದ ಮೇಲೆ, ದಾರಿಯ ಕಾಲುವೆಗೆ ಅದನ್ನು ಎಸೆದು, ಚನ್ನಬಸವರಾಜ ಬೆಕ್ಕಿನಂತೆ ಸದ್ದಿಲ್ಲದೆ ಕುರುಗೋಡು ಸೇರಿದ. ಅಂಜನಾ ಹಿಂದೆ ಕೂತು ಓಣಿಯಲ್ಲಿ ಒಂದು ಸುತ್ತು ಹಾಕಿಸಿದಳು. ಅವಳ ಮುಖ ಅರಳಿತು. "ಗಾಡಿ ಅಂದ್ರ ಹಿಂಗಿರಬೇಕು ನೋಡ್ರಿ!"

ಹೊರಡುವಾಗ ಅತ್ತೆ ಚನ್ನವೀರಮ್ಮ ಬೈಕಿಗೆ ಕುಂಕುಮ ಹಚ್ಚಲು ಬಾಗಿದವರು ಹಾಗೇ ನಿಂತರು.

"ಅಂಜನಾ, ದೃಷ್ಟಿ ತಾಗಬಾರದಂತ ನಾ ಕೊಟ್ಟ ಲಾಳ ಎಲ್ಲವ್ವಾ?"

"ಅಮಾಸಿ ದಿನ ನಾನಾ ಕಟ್ಟೀನಲ್ಲವ್ವಾ, ಪ್ಲೇಟಿನ ಹಿಂದ."

ಚನ್ನಬಸವರಾಜ ಪ್ಲೇಟಿನ ಹಿಂದಿನ ಖಾಲಿ ಜಾಗ ತೋರಿಸಿದ. "ಅತ್ತೀ, ಸದ್ದು ಮಾಡೋದು ಅದಾ ಇತ್ತು. ಕಾಲುವಿಗೆ ಒಗದ್ನಿ."

"ಕಾಯಾಕ ಕಟ್ಟಿದ್ದು ಸದ್ದು ಮಾಡ್ತೈತೇನ್ರಿ ಅಳಿಯಾರ? ಗಾಡಿ ತಪ್ಪು ಲಾಳದ ಮ್ಯಾಲ ಹಾಕಬ್ಯಾಡ್ರಿ."

"ಅದಾ ಅಂತೀನಿ," ಎಂದಳು ಅಂಜನಾ. ಅತ್ತೆ ಒಳಗಿಂದ ಎರಡು ಲಾಳ ತಂದರು. ಅಂಜನಾ ತಾನೇ ಕುಕ್ಕರಗಾಲಲ್ಲಿ ಕೂತು ಮುಂದೊಂದು, ಹಿಂದೊಂದು ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿದಳು.

ಓಣಿ ದಾಟಿದ ಕೂಡಲೇ ಹಂಪ್. ಮುಂದೆ ಟಿಣ್. ಹಿಂದೆ ಟಣ್.

"ನಿಲ್ಲಸ್ರಿ ಗಾಡಿ!" ಅಂಜನಾ ಕೆಳಗಿಳಿದಳು. "ರಿಪೇರಿ ಆಗೈತಂತ ಸುಳ್ಳು ಹೇಳಿ ಕರಕೊಂಡು ಹೊಂಟಿದ್ರೇನು? ಮೊದಲಿನಕಿಂತ ಜಾಸ್ತಿ ಆಗೈತಿ!" ಬ್ಯಾಗನ್ನು ಹೆಗಲಿಗೇರಿಸಿ, ತಿರುಗಿ ನೋಡದೆ ತವರಿನ ಕಡೆ ನಡೆದಳು.

ಚನ್ನಬಸವರಾಜ ಗಂಟು ಬಿಚ್ಚಲು ಬಾಗಿದ. ಉಗುರು ಮುರಿಯಿತೇ ಹೊರತು ಗಂಟು ಸಡಿಲಲಿಲ್ಲ. ತಲೆ ಎತ್ತಿದರೆ ಸುತ್ತಲೂ ಓಣಿಯ ಮಕ್ಕಳು. ಎರಡು ಜಡೆಯ ಹುಡುಗಿಯೊಬ್ಬಳು ನಾಣ್ಯ ಹಿಡಿದ ಅಂಗೈ ಚಾಚಿದಳು.

"ಅಂಕಲ್, ಒಂದು ಪಿಸ್ತಾ ಕುಲ್ಫಿ."