ಹೆಚ್ಚುವರಿ ಪಾಯಿಂಟು

ಎಲೆಕ್ಟ್ರಿಷಿಯನ್ ಹೋಗುವಾಗ ಯಾರೂ ಕೇಳದ ಒಂದು ಉಪಕಾರ ಮಾಡಿ ಹೋದ. ಕರೆಂಟು ಹೋದರೂ ಕಳ್ಳರ ಅಲಾರಂಗೆ ಜೀವವಿರಲಿ ಎಂದು ಕೂರಿಸಿದ ಇನ್ವರ್ಟರಿನ ಬೋರ್ಡಿನಲ್ಲಿ, ಸೈರನ್ನಿನ ಪ್ಲಗ್ಗಿನ ಪಕ್ಕದಲ್ಲೇ ಇನ್ನೊಂದು ಪಾಯಿಂಟು ಖಾಲಿ ಬಿಟ್ಟ.

"ಇರ್ಲಿ ಸಾರ್, ಯಾವತ್ತಾದ್ರೂ ಬೇಕಾಗುತ್ತೆ."

ಯಾರಿಗೆ ಎಂದು ಸ್ಟೋರ್‌ಕೀಪರ್ ಕೇಳಲಿಲ್ಲ.

ಜಮೀನು ಅಳತೆ ಕಚೇರಿಯ ಉಗ್ರಾಣದಿಂದ ಎರಡು ದುರ್ಬೀನು ಕಳುವಾದ ಮೇಲೆ ಸಾಹೇಬರು ಒಂದು ಆದೇಶ ಹೊರಡಿಸಿದ್ದರು: ಅಲಾರಂ ಪರೀಕ್ಷೆಯಲ್ಲಿ ಪಾಸಾಗುವ ತನಕ ಭಾನುವಾರಗಳಂದು ಸ್ಟೋರ್‌ಕೀಪರ್ ಖುದ್ದಾಗಿ ಬಾಗಿಲು ಕಾಯತಕ್ಕದ್ದು. ಒಂಬತ್ತು ಭಾನುವಾರ ಹೀಗೇ ಹೋಗಿದ್ದವು. ಅಪ್ಪ ಎಲ್ಲಿ ಎಂದು ಯಾರಾದರೂ ಕೇಳಿದರೆ ನಾಲ್ಕು ವರ್ಷದ ಮಗಳು 'ಬೀಗದ ಹತ್ರ' ಎನ್ನಲು ಕಲಿತಿದ್ದಳು. ಈ ಶನಿವಾರ ಬೆಳಿಗ್ಗೆ ಹೆಂಡತಿ ಡಬ್ಬಿ ಕೈಗಿಡುತ್ತ ಹೇಳಿದ್ದಳು:

"ನಾಳೆ ಅಕ್ಕನ ಮನೆಗೆ ಹೋಗೋದೇ. ನೀವು ಬರಲ್ಲ ಅಂದ್ರೆ ಚಾಪೆ ದಿಂಬು ಕಟ್ಟಿಕೊಡ್ತೀನಿ, ಆ ಬಾಗಿಲ ಹತ್ರಾನೇ ಸಂಸಾರ ಮಾಡಿ."

"ಇವತ್ತು ನಾಲ್ಕಕ್ಕೆ ಪರೀಕ್ಷಕರು ಬರ್ತಾರೆ ಕಣೇ. ಮೇನ್ ತೆಗೆದು, ಸೈರನ್ ಒಂದು ಗಂಟೆ ಕೂಗಿದ್ರೆ ಮುಗೀತು."

"ಕೂಗ್ಲಿ ನೋಡೋಣ."

ಹತ್ತು ಗಂಟೆಗೆ ಬೀದಿಯ ಕಂಬ ಬದಲಿಸುವವರು ಕರೆಂಟು ತೆಗೆದರು. ಕಟ್ಟಡಕ್ಕೆಲ್ಲ ಜೀವ ಉಳಿದಿದ್ದುದು ಆ ಒಂದು ಪಾಯಿಂಟಿನಲ್ಲಿ. ಸುದ್ದಿ ಹೇಗೆ ಹಬ್ಬಿತೋ, ಐದೇ ನಿಮಿಷಕ್ಕೆ ಟೈಪಿಸ್ಟು ಚಾರ್ಜರು ಹಿಡಿದು ನಿಂತಿದ್ದಳು.

"ಅಣ್ಣಾ, ಫೋನು ಸಾಯ್ತಾ ಇದೆ."

"ಇದು ಅಲಾರಂದು ಕಣಮ್ಮ."

"ಈಗೇನು ಕಳ್ಳ ಬಂದಿದಾನಾ?"

ಅವನು ಉತ್ತರ ಹುಡುಕುವಷ್ಟರಲ್ಲಿ ಚಾರ್ಜರು ಪಾಯಿಂಟಿನಲ್ಲಿತ್ತು. ಅದನ್ನು ಕಿತ್ತು, 'ಮುಟ್ಟಬೇಡಿ' ಎಂದು ಬರೆದ ಕಾಗದ ಅಂಟಿಸಿ ಕೈ ತೊಳೆಯಲು ಹೋದ. ಬಂದು ನೋಡಿದರೆ ಕಾಗದವನ್ನು ಬಹಳ ಮರ್ಯಾದೆಯಿಂದ ಮೇಲಕ್ಕೆ ಮಡಚಿ, ಕೆಳಗೆ ಹೆಡ್ ಕ್ಲರ್ಕು ತಮ್ಮ ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸಿದ್ದರು. ಅದರಲ್ಲಿ ಚಾರ್ಜರು ಮತ್ತೆ ಬಂದು ಕೂತಿತ್ತು. ಜೊತೆಗೆ ದಮ್ಮಿನ ರೋಗಿಯಂತೆ ಏದುಸಿರು ಬಿಡುವ ಒಂದು ಟೇಬಲ್ ಫ್ಯಾನು.

"ಸಾರ್, ದಯವಿಟ್ಟು..."

"ಸೆಕೆಗೆ ನನ್ನ ಬಿಪಿ ಏರಿದ್ರೆ ನೀನು ನೋಡ್ಕೋತೀಯೇನಯ್ಯಾ?" ಎಂದರು ಹೆಡ್ ಕ್ಲರ್ಕು, ಗಾಳಿಗೆ ಮುಖವೊಡ್ಡಿ.

ಹನ್ನೊಂದೂವರೆಗೆ ಸಾಹೇಬರ ಕೆಟಲ್ಲು ಜವಾನನ ಕಂಕುಳಲ್ಲಿ ಬಂತು. ಅದಕ್ಕೆ ಎದುರಾಡುವವರು ಯಾರು? ನೀರು ಬೆಚ್ಚಗಾಗುವ ಮೊದಲೇ ಇನ್ವರ್ಟರು ಕೆಂಪು ದೀಪ ತೋರಿಸಿ, ಕುಯ್ ಎಂದು ಮಲಗಿತು. ಮೂವರೂ ಸ್ಟೋರ್‌ಕೀಪರನ ಕಡೆ ತಿರುಗಿದರು.

"ಇಷ್ಟು ತಡೆಯದ ಮೇಲೆ ಇನ್ನೇನು ಅಲಾರಮ್ಮು" ಎಂದರು ಹೆಡ್ ಕ್ಲರ್ಕು.

ಎಲೆಕ್ಟ್ರಿಷಿಯನ್ ಫೋನಿನಲ್ಲಿ ಸಮಾಧಾನ ಹೇಳಿದ. "ಕರೆಂಟು ಬಂದ ಮೇಲೆ ನಾಲ್ಕು ಗಂಟೆ ಚಾರ್ಜಾಗ್ಲಿ ಸಾರ್. ಸೈರನ್ನಿಗೆ ಸರಿಯಾಗಿ ಒಂದು ಗಂಟೆ ಬರುತ್ತೆ. ಪಕ್ಕದಲ್ಲಿ ಬೇರೆ ಏನೂ ಹಾಕ್ಬೇಡಿ."

"ಬಂದು ಆ ಪಾಯಿಂಟ್ ಕಿತ್ಹಾಕು ಮಾರಾಯ."

"ಸೋಮವಾರ ಬರ್ತೀನಿ."

ಹನ್ನೆರಡಕ್ಕೆ ಕರೆಂಟು ಬಂತು. ಸ್ಟೋರ್‌ಕೀಪರ್ ಒಂದು ಸ್ಟೂಲು ಎಳೆದುಕೊಂಡು, ಪಾಯಿಂಟಿಗೆ ಬೆನ್ನು ಕೊಟ್ಟು ಕೂತ. ಊಟವೂ ಅಲ್ಲೇ. ಮೂರಕ್ಕೆ ಅವನ ಫೋನೇ ಚಾರ್ಜಿಲ್ಲದೆ ಸತ್ತಿತು. ಅದನ್ನು ಜೇಬಿನಲ್ಲಿಟ್ಟುಕೊಂಡ, ಬೆನ್ನು ಮಾತ್ರ ಕದಲಿಸಲಿಲ್ಲ.

ನಾಲ್ಕಕ್ಕೆ ಪರೀಕ್ಷಕರು ಬಂದರು. ಸಾಧು ಮನುಷ್ಯ. ಡಬ್ಬಿಯಿಂದ ಹತ್ತಿ ತೆಗೆದು ಎರಡೂ ಕಿವಿಗೆ ಇಟ್ಟುಕೊಂಡು, ಮೇನ್ ಸ್ವಿಚ್ ಆರಿಸಿ, ಉಗ್ರಾಣದ ಬಾಗಿಲು ತಳ್ಳಿದರು. ಹತ್ತು ಪ್ರೆಷರ್ ಕುಕ್ಕರುಗಳು ಒಟ್ಟಿಗೆ ಜಗಳಕ್ಕೆ ನಿಂತಂತೆ ಸೈರನ್ ಕೂಗಿತು. ಟೈಪಿಸ್ಟು ಸೆರಗಿನಿಂದ ಕಿವಿ ಮುಚ್ಚಿದಳು. ಹೆಡ್ ಕ್ಲರ್ಕು ಬಿಪಿ ಮಾತ್ರೆ ನುಂಗಿದರು. ಸ್ಟೋರ್‌ಕೀಪರನಿಗೆ ಮಾತ್ರ ಅದು ಸಂಗೀತವಾಗಿತ್ತು. ಕಾಲು ಗಂಟೆ. ಅರ್ಧ ಗಂಟೆ. ನಾಳೆ ಯಾವ ಅಂಗಿ ಹಾಕಿಕೊಳ್ಳಲಿ ಎಂದು ಯೋಚಿಸತೊಡಗಿದ.

ಐವತ್ತು ನಿಮಿಷವಾದಾಗ ಪರೀಕ್ಷಕರು ಮೆಚ್ಚಿ ತಲೆಯಾಡಿಸಿದರು. ಪಾಪ, ಇವರನ್ನೇಕೆ ಕಾಯಿಸಲಿ ಎಂದುಕೊಂಡಿರಬೇಕು. ಚೀಲದಿಂದ ಲ್ಯಾಪ್‌ಟಾಪು ತೆಗೆದು ಸರ್ಟಿಫಿಕೇಟು ಬರೆದರು. ಆಮೇಲೆ ಒಂದು ಪ್ರಿಂಟರು ತೆಗೆದರು. ಅದರ ವೈರು ಹಿಡಿದು ಗೋಡೆಗಳನ್ನೆಲ್ಲ ನೋಡಿದರು.

ಪರೀಕ್ಷೆ ನೋಡಲು ಬಂದು ನಿಂತಿದ್ದ ಸಾಹೇಬರು ಸ್ಟೋರ್‌ಕೀಪರನ ಬೆನ್ನಿನ ಕಡೆ ಬೆರಳು ತೋರಿಸಿದರು.

"ಬೇಡ ಸಾರ್, ಬ್ಯಾಟರಿ ಸಾಲಲ್ಲ" ಎಂದು ಅವನು ಕೂಗಿದ. ಬಾಯಿ ಆಡಿದ್ದು ಕಂಡಿತೇ ಹೊರತು ಮಾತು ಅವನಿಗೇ ಕೇಳಿಸಲಿಲ್ಲ. ಕೈ ಮುಗಿದ. ಪರೀಕ್ಷಕರು ವಿನಯದಿಂದ ತಾವೂ ಕೈ ಮುಗಿದರು. ಸಾಹೇಬರು ಅವನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದರು.

ಪ್ರಿಂಟರು ಗರಗರ ಎಂದಿತು. 'ಈ ವ್ಯವಸ್ಥೆಯು ಅತ್ಯಂತ ತೃಪ್ತಿಕರವಾಗಿ' ಎಂಬಲ್ಲಿಯವರೆಗೆ ಕಾಗದ ಹೊರಗೆ ಬಂದು ನಿಂತಿತು. ಕೊನೆ ಬಸ್ಸು ನೆನಪಾದ ನೆಂಟನಂತೆ ಸೈರನ್ನೂ ನಡುವೆಯೇ ಮಾತು ನಿಲ್ಲಿಸಿತು.

ಪರೀಕ್ಷಕರು ಗಡಿಯಾರ ನೋಡಿದರು. ಹತ್ತಿ ತೆಗೆದರು. "ಛೆ. ಐವತ್ನಾಲ್ಕೇ ನಿಮಿಷ."

"ಸಾರ್, ಅದು ನಿಮ್ಮ ಪ್ರಿಂ..."

ಸಾಹೇಬರ ಬೂಟು ಅವನ ಕಾಲಿನ ಮೇಲಿತ್ತು.

ಅರ್ಧ ಅಚ್ಚಾದ ಕಾಗದವನ್ನು ಮಗುಚಿ, ಪರೀಕ್ಷಕರು ಹಿಂದುಗಡೆ ಕೈಬರಹದಲ್ಲಿ 'ವಿಫಲ. ಮರುಪರೀಕ್ಷೆ ಮೂರು ತಿಂಗಳ ನಂತರ' ಎಂದು ಬರೆದರು. ನಿಜಕ್ಕೂ ಬೇಜಾರಾದವರಂತೆ ಸ್ಟೋರ್‌ಕೀಪರನ ಮುಖ ನೋಡಿ, ಏನಾದರೂ ಸಹಾಯ ಮಾಡೋಣವೆಂದು ಒಂದು ಸಲಹೆಯನ್ನೂ ಸೇರಿಸಿ ಕೈಗೆ ಕೊಟ್ಟರು:

'ಬೋರ್ಡಿನಲ್ಲಿ ಹೆಚ್ಚುವರಿ ಪಾಯಿಂಟು ಒಂದೇ ಇದೆ. ಇನ್ನೆರಡು ಹಾಕಿಸುವುದು.'